ಬೀಸುವ ಕಲ್ಲಿನ ಪಾಲಿ

ಏಪ್ರಿಲ್ 18, 1960. ಸೋಮವಾರ. ಬೆಳಗಿನ ಆರೂವರೆ.

ಇಪ್ಪತ್ತಮೂರು ಪದ್ಯ ಬಾಯಿಗೆ ಬಂತು. ಪೂನಾ ಕಾಲೇಜಿನ ಇಂಟರ್‌ವ್ಯೂಗೆ ಇನ್ನೂ ಐವತ್ತೇಳು ಬೇಕು. ಎರಡು ಸೇರು ರಾಗಿಯೂ ಮುಗಿಯಿತು. ಅಂಗೈ ಉರಿ.

ಕೋಳಿ ಕೂಗಿದರೆ ಅವ್ವನ ಎದುರು ಕಲ್ಲಿನ ಗೂಟ ಹಿಡಿದು ಕೂರಬೇಕು. ಆಮೇಲೆ ನೀರು, ಕೊಟ್ಟಿಗೆ, ಅಪ್ಪನ ಬುತ್ತಿ. ಓದಲು ಹೊತ್ತೆಲ್ಲಿ? ಅದಕ್ಕೇ ಬೀಸುತ್ತಲೇ ಪಾಲಿ ಕಂಠಪಾಠ. ಒಂದು ಸುತ್ತಿಗೆ ಒಂದು ಪಾದ, ನಾಲ್ಕು ಸುತ್ತಿಗೆ ಒಂದು ಪದ್ಯ. ತೊಂದರೆ ಒಂದೇ — ನನ್ನ ಪದ್ಯ ಮುಗಿಯುತ್ತಲೂ ಅವ್ವ ತನ್ನ ಬೀಸುವ ಪದದ ಬಾಲ ತಂದು ಅಂಟಿಸುತ್ತಾಳೆ: "ಸುತ್ತೇ ಕಲ್ಲವ್ವ!"

"ಅವ್ವಾ, ಇದು ಬುದ್ಧನ ಮಾತು."

"ಆಗ್ಲಿ ಕಣಮ್ಮಿ. ಕಲ್ಲೂ ಸುತ್ತುತಾ ಇಲ್ವಾ? ಅದ್ರ ಎಸ್ರೂ ಒಂದ್ಸಲ ಬರ್ಲಿ."

ಏಪ್ರಿಲ್ 24. ಭಾನುವಾರ.

ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಬಂದೆ. ವೆಂಕಟರಾಮಯ್ಯ ಮೇಷ್ಟ್ರು ರಿಟೈರಾದ ಸಂಸ್ಕೃತ ಪಂಡಿತರು. ಪಾಲಿಯನ್ನು ಹವ್ಯಾಸಕ್ಕೆ ಕಲಿತವರು. ಜಗುಲಿಯಲ್ಲೇ ಪಾಠ. ಒಳಗೆ ಕರೆದಿಲ್ಲ, ನಾನೂ ಕೇಳಿಲ್ಲ. ಪಾಠದಲ್ಲಿ ಮಾತ್ರ ಜಿಪುಣತನವಿಲ್ಲ.

ಇವತ್ತು ಕಣ್ಣುಮುಚ್ಚಿ ಕೇಳಿದರು. "ಉಚ್ಚಾರಣೆ ಚೆನ್ನಾಗಿದೆ. ಆದರೆ ಪದ್ಯ ಮುಗಿದಾಗಲೆಲ್ಲ ಯಾರನ್ನಮ್ಮ ಕರೀತೀಯ?"

ನನಗೇ ಗೊತ್ತಾಗಿರಲಿಲ್ಲ. ನಾಚಿಕೆಯಾಯಿತು.

"ಇಂಟರ್‌ವ್ಯೂ ದಿನ ಆ ಕಲ್ಲವ್ವನ್ನ ಮನೇಲೇ ಬಿಟ್ಟು ಹೋಗಮ್ಮ."

ಮೇ 3.

ಅಪ್ಪ ಕಡ್ಡಿ ಮುರಿದಂತೆ ಹೇಳಿದ. "ಸೀಟು ಸಿಕ್ಕಿದ್ರೆ ಪೂನಾ. ಸಿಗ್ನಿಲ್ವಾ, ಟೀಚರ್ ಟ್ರೈನಿಂಗು. ಮಾತು ಮುಗೀತು."

ಫ್ರೀಶಿಪ್, ಅಂದರೆ ಫೀಸು ಮಾಫಿ, ಇರುವುದು ಒಬ್ಬರಿಗೇ. ಆನರ್ಸ್ — ಪಾಲಿ ಮತ್ತು ಏಷ್ಯಾದ ಸಂಸ್ಕೃತಿಗಳು. ಸಿಂಹಳ, ಬರ್ಮಾ, ಟಿಬೆಟ್... ಮೂರನೇ ವರ್ಷ ಚೀನೀ ಅಕ್ಷರವೂ ಉಂಟಂತೆ! ಪ್ರಾಸ್ಪೆಕ್ಟಸ್ ಮಡಿಕೆಯಲ್ಲೇ ಹರಿದುಹೋಗಿದೆ.

ಚಿಕ್ಕಪ್ಪ ಹುಚ್ಚಯ್ಯ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದು ಬಂದಾಗ ಮನೆಮಂದಿಯೆಲ್ಲ ಕೈಮುಗಿದು ಪಾಲಿಯ ಮೂರು ಸಾಲು ಹೇಳಿದೆವು. ಅರ್ಥ ಕೇಳಿದೆ. "ಅರ್ಥ ಆಮ್ಯಾಕೆ, ಮೊದ್ಲು ಏಳು" ಅಂದ. ಅವತ್ತೇ ಹಟ ಹುಟ್ಟಿತು. ಅರ್ಥ ಗೊತ್ತಿಲ್ಲದೆ ಕೈಮುಗಿಯುವುದಾದರೆ ಹಳೇ ದೇವರು ಮಾಡಿದ ತಪ್ಪೇನು?

ಜೂನ್ 8.

ಎಂಬತ್ತೂ ಆಯಿತು. ಹಳೇಬೀಡು ನೋಡಲು ಬಂದಿರುವ ಪೂನಾ ಕಾಲೇಜಿನ ಪ್ರೊಫೆಸರ್ ನಾಳೆ ಹಾಸನದ ಟ್ರಾವೆಲರ್ಸ್ ಬಂಗಲೆಯಲ್ಲೇ ಇಂಟರ್‌ವ್ಯೂ ಮಾಡುತ್ತಾರೆ. ಕಲ್ಲವ್ವನನ್ನು ಬಿಟ್ಟು ಹೇಳುವ ಅಭ್ಯಾಸವೂ ಆಗಿದೆ. ಹತ್ತು ಸಲ ಹೇಳಿದೆ, ಒಂದು ಸಲವೂ ತಪ್ಪಲಿಲ್ಲ.

ಜೂನ್ 9. ಸಂಜೆ.

ಬರೆಯಲೇಬೇಕು.

ಆರು ಮಂದಿ. ಐವರು ಪ್ಯಾಂಟಿನವರು, ಸೀರೆ ನನ್ನೊಬ್ಬಳದೇ. ಅವ್ವ ಜೊತೆಗೆ ಬಂದು ವರಾಂಡದಲ್ಲಿ ಕೂತಳು. ಪ್ರೊಫೆಸರ್ ಮೂಲತಃ ಧಾರವಾಡದವರು. ಮೂವತ್ತೊಂದರಿಂದ ಹೇಳು ಅಂದರು. ನಲವತ್ತು ಬರುವಷ್ಟರಲ್ಲಿ ಕೈ ಮಡಿಲಲ್ಲಿ ತಾನಾಗಿ ತಿರುಗತೊಡಗಿತು. ನಲವತ್ತೆರಡರ ಕೊನೆಗೆ — ಜೋರಾಗಿ — "ಸುತ್ತೇ ಕಲ್ಲವ್ವ!"

ಅವರ ಪೆನ್ನು ನಿಂತಿತು.

"ಈ ಪಾಠಾಂತರ ಯಾವ ಪ್ರತಿಯೊಳಗ ಅದ?"

ಅಳು ಬಂತು. ಜೊತೆಗೇ ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. "ನಮ್ಮೂರು ಕೊರವಂಗಲದ ಪ್ರತಿ ಸಾರ್. ಬರಹದಲ್ಲಿಲ್ಲ. ವರಾಂಡದಲ್ಲಿ ಕೂತಿದೆ."

ಕರೆಸಿದರು! ಅವ್ವ ಸೆರಗು ಹೊದ್ದು ಬಂದಳು. ನಿಮಗ ಎಷ್ಟು ಪದ್ಯ ಬರ್ತಾವ ಎಂದು ಕೇಳಿದರು.

"ಅವ್ಳಿಗ್ ಬರೋವೆಲ್ಲ ಬತ್ತವೆ ಸಾ. ಕುಂತ್ಕಳ್ಳಾ? ಕೈ ತಿರುಗ್ದೆ ಬಾಯಿ ತಿರುಗಾಕಿಲ್ಲ."

ನೆಲದ ಮೇಲೆ ಕೂತು, ಇಲ್ಲದ ಗೂಟ ಹಿಡಿದು, ಒಂದರಿಂದ ಶುರುಮಾಡಿದಳು. ಅಷ್ಟೂ ಅವ್ವನಿಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಪ್ರೊಫೆಸರ್ ನಡುನಡುವೆ ಕೈ ಎತ್ತುವರು, ನಾನು ಅರ್ಥ ಹೇಳುವೆ, ವಿಭಕ್ತಿ ಬಿಡಿಸುವೆ. ಅವ್ವನ ಬಾಯಿ, ನನ್ನ ಅರ್ಥ. ಒಂದೂ ತಪ್ಪಲಿಲ್ಲ. ಬಾಗಿಲಲ್ಲಿ ಐವರು ಪ್ಯಾಂಟಿನವರೂ ನಿಂತು ಕೇಳಿದರು.

"ಓದು ಬರಹ ಬರ್ತದೇನು?"

"ಎಬ್ಬೆಟ್ಟು ಸಾ."

ಕನ್ನಡಕ ತೆಗೆದು ಒರೆಸಿಕೊಂಡರು. "ಬರೆದಿಡೋಕ್ಕಿಂತ ಮೊದಲ ಶತಮಾನಗಟ್ಟಲೆ ಇವು ಹಿಂಗ ಬಾಯಾಗ ಉಳದಿದ್ದವು ಅಂತ ಮೂವತ್ತು ವರ್ಷದಿಂದ ಕ್ಲಾಸಿನೊಳಗ ಹೇಳ್ಕೋತ ಬಂದೀನಿ. ಕಣ್ಣಾರೆ ಕಂಡದ್ದು ಇವತ್ತ."

ದಾರಿಯಲ್ಲಿ ಅವ್ವ: "ಏನ್ ಕನ್ನಡನಮ್ಮಿ ಅವ್ರುದು! ಪಾಲಿನೇ ವಾಸಿ."

ಜೂನ್ 30.

ಟಪಾಲಿಲ್ಲ.

ಜುಲೈ 2.

ಸಿಕ್ಕಿತು!! ಕುಮಾರಿ ಹೊನ್ನಕ್ಕ — ನಾನೇ — ಆನರ್ಸ್, ಫ್ರೀಶಿಪ್ ಸಮೇತ. ಅಪ್ಪ ಕಾಗದ ಹಿಡಿದು ಊರೆಲ್ಲ ಸುತ್ತಿ ಬಂದ. ಟ್ರೈನಿಂಗಿನ ಅರ್ಜಿ ಒಲೆಗೆ ಹೋಯಿತು. ನಾನೇ ಹಾಕಿದೆ.

ಜುಲೈ 3. ಭಾನುವಾರ.

ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. "ಒಳಗೆ ಬಾಮ್ಮ."

"ಇಲ್ಲೇ ಗಾಳಿ ಚೆನ್ನಾಗಿದೆ ಮೇಷ್ಟ್ರೇ" ಅಂದೆ. ಪೆಚ್ಚಾದರು. ಅಷ್ಟು ಸಾಕೆನಿಸಿತು. ಒಳಗೆ ಹೋದೆ. ಪಾಯಸ ಎರಡು ಲೋಟ.

ಜುಲೈ 10. ಬೆಳಗಿನ ಐದು.

ಮಧ್ಯಾಹ್ನ ರೈಲು. ಟ್ರಂಕು ತುಂಬಿಯಾಯಿತು. ಕೊನೇ ದಿನ ಮಲಗು ಅಂದಿದ್ದಾಳೆ ಅವ್ವ. ನಿದ್ದೆ ಎಲ್ಲಿ?

ನಿನ್ನೆ ಅವಳ ಅಪ್ಪಣೆ: "ಬರೋವಾಗ ವಸ ಪದ ತತ್ತಾ. ಇವೇ ಎಂಬತ್ನ ಎಷ್ಟ್ ದಿನ ಬೀಸ್ಲಿ?"

ಕಲ್ಲಿನ ಸದ್ದು. ಒಬ್ಬಳೇ ಕೂತಿದ್ದಾಳೆ. ಮೊದಲ ಪದ್ಯ... ಮೂರನೇ ಪಾದ ಬಿಟ್ಟಳು. ಅವಳಿಗೆ ಮರೆಯುವುದೇ? ಬೇಕೆಂದೇ ಬಿಟ್ಟಿದ್ದಾಳೆ, ನಾನು ಎದ್ದು ಬರಲೆಂದು. ಎರಡನೆಯದರಲ್ಲೂ ಬಿಟ್ಟಳು. ಇನ್ನು ತಡೆಯಲಾರೆ, ಹೋಗಿ ಗೂಟ ಹಿಡಿದು ಆ ಪಾದ ನಾನೇ —