ಕೈ ಮುಗಿದದ್ದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿದವರಿಗೆ

ಮುಂಬಯಿಯ ವಡಾಲದ ನಮ್ಮ ಕನ್ನಡ ಪ್ರಾಥಮಿಕ ಶಾಲೆಯನ್ನು ನಡೆಸುವ ಸಂಸ್ಥೆಯ ಗೌರವ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ನಮ್ಮನ್ನು ಕೇಳದೆ ನಮ್ಮ ಮಕ್ಕಳ ಶಾಲೆಯನ್ನು ವಡಾಲದಿಂದ ದೂರದ ಮಲಾಡ್‌ಗೆ ಸಾಗಿಸಿದ್ದೀರಿ. ಯಾಕೆ ಎಂದು ಕೇಳಿದರೆ, ‘ನಿಮಗೆಲ್ಲ ತಿಳಿಸಿದ್ದೆವು, ನೀವೆಲ್ಲ ಒಪ್ಪಿದ್ದೀರಿ’ ಎನ್ನುತ್ತೀರಿ. ತಿಳಿಸಿದ್ದು ಹೇಗೆ, ನಾವು ಒಪ್ಪಿದ್ದು ಯಾವಾಗ ಎಂದು ಶಾಲೆಯ ವಾಟ್ಸಾಪ್ ಗ್ರೂಪಿನಲ್ಲೇ ಕೇಳಿದ್ದೆ. ಅದೇ ಸಂಜೆ ಆ ಗ್ರೂಪಿನಲ್ಲಿ ಪೋಷಕರು ಏನನ್ನೂ ಬರೆಯುವಂತಿಲ್ಲ, ಬಂದದ್ದನ್ನು ಓದಬಹುದಷ್ಟೇ ಎಂದಾಯಿತು. ಅದಕ್ಕೇ ಈಗ ಪತ್ರಿಕೆಯ ಬಾಗಿಲು ತಟ್ಟಿದ್ದೇನೆ. ಬೆಳಿಗ್ಗೆ ಕನ್ನಡ ಪತ್ರಿಕೆ ಕೈಗೆ ಬಾರದಿದ್ದರೆ ತಮಗೆ ಚಹಾ ಇಳಿಯುವುದಿಲ್ಲ ಎಂದು ಪ್ರತಿ ವಾರ್ಷಿಕೋತ್ಸವದ ಭಾಷಣದಲ್ಲೂ ಹೇಳುತ್ತೀರಿ. ಆ ಮಾತು ನಿಜವೆಂದು ನಂಬಿ ಬರೆಯುತ್ತಿದ್ದೇನೆ.

ನಾನು ಮೂರನೇ ಕ್ಲಾಸಿನ ಯಕ್ಷಿತಾಳ ತಾಯಿ. ಊರು ಕಾಪು ಕಡೆ, ಮದುವೆಯಾದ ಮೇಲೆ ವಡಾಲ. ಗಂಡ ಶೇಖರ ಬಾಂದ್ರಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ನನ್ನದು ಅನುಮಾನದ ಬುದ್ಧಿ, ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಅವರೇ ಹೇಳುತ್ತಾರೆ. ಇರಬಹುದು. ಆದರೆ ಈ ಸಲದ ಮೊಸರನ್ನು ತಾವೇ ಬಡಿಸಿದ್ದೀರಿ, ಕಲ್ಲು ನನ್ನ ಹಲ್ಲಿಗೇ ಸಿಕ್ಕಿದೆ.

ಕೊರೊನಾ ಬಂದು ಶಾಲೆಗೆ ಬೀಗ ಬಿದ್ದ ಮೇಲೆ ಪೋಷಕರಿಗೆ ಎಲ್ಲವನ್ನೂ ತಿಳಿಸುತ್ತಿರಬೇಕೆಂದು ತಮ್ಮ ಸಂಸ್ಥೆ ಪಣ ತೊಟ್ಟಿತು. ಅದರಲ್ಲಿ ತಾವು ಕಡಿಮೆ ಮಾಡಿದಿರಿ ಎಂದು ಯಾರೂ ದೂರುವಂತಿಲ್ಲ. ಕೈ ತೊಳೆಯುವುದು ಹೇಗೆ ಎಂದು ತಿಳಿಸಿದಿರಿ. ಮಾಸ್ಕ್ ತೊಳೆಯುವುದು ಹೇಗೆ ಎಂದು ತಿಳಿಸಿದಿರಿ. ಅರಿಶಿನದ ಹಾಲು ಕುಡಿಯಿರಿ, ಉಸಿರಾಟದ ಯೋಗ ಮಾಡಿ, ಮಕ್ಕಳ ಜೊತೆ ಪ್ರೀತಿಯಿಂದ ಮಾತಾಡಿ ಎಂದು ತಿಳಿಸಿದಿರಿ. ಹತ್ತಡಿಯ ಖೋಲಿಯಲ್ಲಿ ಆರು ಜನ ಮಲಗುವವರಿಗೆ ಅಂತರ ಕಾಯ್ದುಕೊಳ್ಳಿ ಎಂದೂ ತಿಳಿಸಿದಿರಿ. ಎಲ್ಲವೂ ಕನ್ನಡದಲ್ಲಿ, ಬಣ್ಣಬಣ್ಣದ ಅಕ್ಷರದಲ್ಲಿ, ಕೆಳಗೆ ತಮ್ಮ ಫೋಟೋ ಸಹಿತ. ಅಧ್ಯಕ್ಷರ ಹುಟ್ಟುಹಬ್ಬವನ್ನು ಕೂಡ ತಿಳಿಸದೆ ಬಿಡಲಿಲ್ಲ. ಹೀಗೆ ನಮ್ಮ ಫೋನುಗಳು ತುಂಬಿ ತುಳುಕುತ್ತಿದ್ದಾಗ ಒಂದು ದಿನ ಒಂದು ಫೈಲು ಬಂತು. ಅದು ಮಾತ್ರ ಇಂಗ್ಲಿಷಿನಲ್ಲಿತ್ತು.

ಕನ್ನಡ ಉಳಿಸಲೆಂದೇ ಹುಟ್ಟಿದ ಸಂಸ್ಥೆಗೆ ಆ ಒಂದು ದಿನ ಕನ್ನಡ ಯಾಕೆ ಮರೆತುಹೋಯಿತು, ಮಾನ್ಯರೇ? ಸಾಬೂನಿನ ನೊರೆಯ ಬಗ್ಗೆ ಅಷ್ಟು ಸೊಗಸಾದ ಕನ್ನಡ ಬರೆಯಬಲ್ಲವರಿಗೆ ‘ಶಾಲೆಯನ್ನು ಮಲಾಡ್‌ಗೆ ಸ್ಥಳಾಂತರಿಸುತ್ತೇವೆ’ ಎಂಬ ಒಂದು ಸಾಲು ಬರೆಯಲು ಪದ ಸಿಗಲಿಲ್ಲವೇ? ಫೈಲಿನ ಕೆಳಗೆ ಕನ್ನಡದಲ್ಲಿ ಇದ್ದದ್ದು ಇಷ್ಟೇ: ‘ಎಲ್ಲ ಪೋಷಕರ ಗಮನಕ್ಕೆ. ದಯವಿಟ್ಟು ಪ್ರತಿಕ್ರಿಯಿಸಿ.’ ನನ್ನ ಫೋನಿನಲ್ಲಿ ಅದು ತೆರೆಯಲೇ ಇಲ್ಲ, ಜಾಗವಿಲ್ಲ ಎಂದಿತು. ಜಾಗವೆಲ್ಲ ತಾವು ಕಳಿಸಿದ ಕೈ ತೊಳೆಯುವ ವಿಡಿಯೋಗಳಿಗೆ ಹೋಗಿತ್ತು.

ಒಂದೊಂದು ಕೋಣೆಯ ಮನೆಗಳ ಸಾಲಾದ ನಮ್ಮ ಚಾಲಿನಲ್ಲಿ ಪಕ್ಕದ ಖೋಲಿಯವಳು ಲಕ್ಷ್ಮವ್ವ. ಇಂಡಿ ತಾಲ್ಲೂಕಿನವಳು, ಸುತ್ತಲ ಬಿಲ್ಡಿಂಗ್‌ಗಳ ಮೆಟ್ಟಿಲು ಗುಡಿಸಿ ಒರೆಸುತ್ತಾಳೆ. ಗಂಡ ಹಣಮಂತ ಮಲಾಡ್‌ನ ಒಂದು ಸೊಸೈಟಿಯಲ್ಲಿ ವಾಚ್‌ಮನ್, ಅಲ್ಲೇ ಗೇಟಿನ ಪಕ್ಕದ ಕ್ಯಾಬಿನ್ನಿನಲ್ಲಿ ಇನ್ನೊಬ್ಬನ ಜೊತೆ ಸರದಿಯ ಮೇಲೆ ಮಲಗುತ್ತಾನೆ. ಮನೆಗೆ ಬರುವುದು ಭಾನುವಾರ. ಮನೆಗಿರುವ ಒಂದೇ ದೊಡ್ಡ ಫೋನು ಅವನ ಜೇಬಿನಲ್ಲಿ ಬರುತ್ತದೆ, ಅವನ ಜೇಬಿನಲ್ಲೇ ಹೋಗುತ್ತದೆ. ಅವರ ಮಗಳು ಸೋನಾಲಿಗೆ ಎಂಟು ವರ್ಷ, ಅವಳದೂ ಮೂರನೇ ಕ್ಲಾಸು. ಭಾನುವಾರ ಮಧ್ಯಾಹ್ನ ಹಣಮಂತ ನಿದ್ದೆ ಹೋದಾಗ ತಾಯಿ ಮಗಳು ಹೊಸ್ತಿಲ ಮೇಲೆ ಕೂತು ವಾರದ ಮೆಸೇಜುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಸೋನಾಲಿ ಅಕ್ಷರ ಕೂಡಿಸಿಕೊಂಡು ಓದಬೇಕು. ಲಕ್ಷ್ಮವ್ವ ಕೇಳಬೇಕು. ಕೊನೆಗೆ ಪ್ರತಿಯೊಂದಕ್ಕೂ ಲಕ್ಷ್ಮವ್ವ ತನ್ನ ಬೆರಳಿನಿಂದಲೇ ಎರಡು ಕೈ ಮುಗಿದ ಚಿತ್ರವನ್ನು ಒತ್ತಿ ಕಳಿಸಬೇಕು. ಫೋನಿನಲ್ಲಿ ಅವಳಿಗೆ ತಾನಾಗಿಯೇ ಮಾಡಲು ಬರುವ ಒಂದೇ ಕೆಲಸ ಅದು. ಅದನ್ನು ಮಾಡುವಾಗ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

‘ಅದೇನಂತ ತಿಳೀಲಾರದ ಯಾಕ ಕೈ ಮುಗೀತಿ ಮಾರಾಯ್ತಿ?’ ಎಂದು ಅವಳ ಮಾತಿನಲ್ಲೇ ಒಮ್ಮೆ ಚುಡಾಯಿಸಿದ್ದೆ.

‘ಟೀಚರ್ ಕಳಿಸ್ಯಾರಲ್ರಿ ಅಕ್ಕಾರ,’ ಎಂದಳು. ‘ಸಾಲಿ ಕಲಿಸೋರು ಎದುರಿಗೆ ಬಂದ್ರ ಮೊದಲ ಶರಣು ಅಂತೀವಿ, ಆಮ್ಯಾಲ ಮಾತು. ಫೋನಿನ್ಯಾಗ ಬಂದ್ರ ಸುಮ್ಮ ಕೂಡಾಕ ಆಗತೈತೇನ್ರಿ?’

ಇದು ಲಕ್ಷ್ಮವ್ವ ಒಬ್ಬಳ ಅಭ್ಯಾಸವಲ್ಲ. ಶಾಲೆಯ ಮುಕ್ಕಾಲು ಪಾಲು ಮಕ್ಕಳು ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಆ ಮನೆಗಳಲ್ಲಿ ಗುರುಗಳ ಮಾತಿಗೆ ಮೊದಲು ನಮಸ್ಕಾರ. ಸ್ವಾತಂತ್ರ್ಯ ದಿನದ ಶುಭಾಶಯಕ್ಕೂ ನಮಸ್ಕಾರ, ಪರೀಕ್ಷೆ ರದ್ದಾಯಿತೆಂಬುದಕ್ಕೂ ನಮಸ್ಕಾರ. ತಮ್ಮ ಇಂಗ್ಲಿಷ್ ಫೈಲಿಗೂ ಹಾಗೇ ಸಾಲಾಗಿ ನಮಸ್ಕಾರಗಳು ಬಂದವು. ಅದರಲ್ಲಿ ಲಕ್ಷ್ಮವ್ವನದೂ ಒಂದು.

ಮತ್ತೆ ಶಾಲೆ ತೆರೆಯುತ್ತದೆ ಎಂದು ಟಿವಿಯಲ್ಲಿ ಬಂದಾಗ ನಮ್ಮ ಚಾಲಿನಲ್ಲಿ ಹಬ್ಬವಾಯಿತು. ಸೋನಾಲಿಯ ಹಳೆಯ ಯೂನಿಫಾರಂ ಮೊಣಕಾಲಿನ ಮೇಲೇರಿತ್ತು. ಲಕ್ಷ್ಮವ್ವ ಅಂಚು ಬಿಚ್ಚಿ ಉದ್ದ ಮಾಡಿದಳು. ಆ ಬೆಳಿಗ್ಗೆ ಅವಳಿಗೆ ಕೆಲಸಕ್ಕೆ ರಜೆ ಸಿಗದೆ ಇಬ್ಬರು ಮಕ್ಕಳನ್ನೂ ನಾನೇ ಕರೆದುಕೊಂಡು ಹೋದೆ. ಗೇಟಿಗೆ ಬೀಗ. ಕಾವಲುಗಾರ ಶಾಂತಪ್ಪ ಒಳಗಿನಿಂದ ಬಂದವನು ಮಕ್ಕಳ ಮುಖ ನೋಡಲಾರದೆ ನೆಲ ನೋಡುತ್ತಾ ನಿಂತ.

‘ಅಕ್ಕಾರ, ಸಾಲಿ ಇಲ್ಲಿ ಇಲ್ರಿ. ಮಲಾಡಕ್ಕ ಹೋಗೈತಿ. ನಿಮಗ ಮೆಸೇಜ್ ಬಂದಿಲ್ಲೇನ್ರಿ?’

ಸೋನಾಲಿ ನನ್ನ ಕೈ ಹಿಡಿದು, ‘ಆಂಟಿ, ಸಾಲಿ ಹೆಂಗ ಹೋಗತೈತ್ರಿ? ಬಿಲ್ಡಿಂಗ್ ಇಲ್ಲೇ ಐತೆಲ್ಲ!’ ಎಂದಳು. ತಮ್ಮ ಸಂಸ್ಥೆಯ ಯಾವುದಾದರೂ ಸುತ್ತೋಲೆಯಲ್ಲಿ ಈ ಮಗುವಿಗೆ ಉತ್ತರವಿದ್ದರೆ ದಯವಿಟ್ಟು ಕಳಿಸಿಕೊಡಿ, ಕನ್ನಡದಲ್ಲಿ.

ಹರಿಣಿ ಟೀಚರಿಗೆ ಫೋನ್ ಮಾಡಿದೆ. ಬೀಗ ಬಿದ್ದ ದಿನಗಳಲ್ಲಿ ಮಕ್ಕಳಿಗೆ ತಾವಾಗಿಯೇ ಫೋನ್ ಮಾಡಿ ಮಗ್ಗಿ ಒಪ್ಪಿಸಿಕೊಂಡವರು ಅವರು. ‘ಆ ಫೈಲು ಕಳಿಸಿ ಅಂದ್ರು, ಕಳಿಸಿದೆ. ನನ್ನನ್ನು ಹೆಚ್ಚು ಕೇಳಬೇಡಿ ವಿನೋದಿನಿಯವರೇ,’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವರ ಬಾಯಿಗೆ ಬೀಗ ಹಾಕಿದವರ ಮೇಲೆ.

ಆಮೇಲೆ ಬಾಂದ್ರಾದ ತಮ್ಮ ಕಚೇರಿಗೆ ಬಂದೆ. ತಮಗೆ ನೆನಪಿರಬಹುದು. ನೆನಪಿಲ್ಲವೆನ್ನುವಿರಾದರೆ ನಾನು ನೆನಪಿಸುತ್ತೇನೆ. ತಾವು ಬೇಸರಿಸದೆ ಫೋನು ತೆಗೆದು, ಆ ಫೈಲಿನ ಕೆಳಗಿನ ಮುಗಿದ ಕೈಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸುತ್ತಾ ನನಗೆ ತೋರಿಸಿದಿರಿ.

‘ನೋಡಿಯಮ್ಮ, ಒಬ್ಬರಾದರೂ ಬೇಡ ಅಂದಿದ್ದಾರಾ? ಎಲ್ಲ ಕೈ ಮುಗಿದು ಒಪ್ಪಿದ್ದಾರೆ. ಸುಮ್ಮನಿದ್ದವರದ್ದೂ ಒಪ್ಪಿಗೆ ಅಂತ ಫೈಲಲ್ಲೇ ಬರೆದಿದೆ. ಕಮಿಟಿಯಲ್ಲಿ ಪಾಸಾಗಿದೆ.’

ಮಾನ್ಯರೇ, ಹರಿಣಿ ಟೀಚರ ತಂದೆ ಕೊರೊನಾದಲ್ಲಿ ತೀರಿಕೊಂಡ ಸುದ್ದಿ ಇದೇ ಗ್ರೂಪಿಗೆ ಬಂದಿತ್ತು. ಅದರ ಕೆಳಗೂ ಇದೇ ಜನ ಇದೇ ಕೈಗಳನ್ನು ಮುಗಿದಿದ್ದರು. ಆ ಸಾವಿಗೂ ಇವರು ಒಪ್ಪಿಗೆ ಕೊಟ್ಟರೆಂದು ತಮ್ಮ ಕಮಿಟಿಯಲ್ಲಿ ಪಾಸಾಯಿತೇ? ಅಲ್ಲಿಯೇ ಈ ಪ್ರಶ್ನೆ ಕೇಳಿದಾಗ ತಾವು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಊರು ಯಾವುದೆಂದು ವಿಚಾರಿಸಿದಿರಿ. ಕಾಪು ಎಂದೆ. ಕೂಡಲೇ ತುಳುವಿಗೆ ಇಳಿದಿರಿ. ನನ್ನ ತವರಿನವರ ಗುರುತು ಹಿಡಿದಿರಿ. ‘ಅಯ್ಯೋ, ನೀವು ನಮ್ಮವರೇ ಆಯ್ತಲ್ಲ. ಮೊದಲೇ ಹೇಳಬಾರದಾ? ನಿಮ್ಮ ಮಗಳಿಗೆ ಮಲಾಡ್ ವ್ಯಾನಿನಲ್ಲಿ ಒಂದು ಸೀಟು ಮಾಡಿಸುವ, ಸುಮ್ಮನೆ ಟೆನ್ಶನ್ ಮಾಡಿಕೊಳ್ಳಬೇಡಿ,’ ಎಂದಿರಿ.

‘ಸೋನಾಲಿಗೆ?’ ಎಂದು ಕೇಳಿದೆ. ‘ಆ ಘಟ್ಟದ ಮೇಲಿನವರದ್ದು ಅವರಿಗೇ ಬಿಡಿ. ಹತ್ತಿರದ ಹಿಂದಿ ಶಾಲೆಗೆ ಹಾಕ್ತಾರೆ, ಇಲ್ಲ ಊರಿಗೆ ಹೋಗ್ತಾರೆ. ನಿಲ್ಲುವ ಜನ ಅಲ್ಲ,’ ಎಂದಿರಿ. ತಾವು ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ನನ್ನ ಮಗಳ ಸೀಟನ್ನು ನಾನು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಶೇಖರ, ‘ಸೀಟು ತಗೊಂಡು ಜಗಳ ಮಾಡಬಹುದಿತ್ತಲ್ಲ’ ಎಂದರು. ಸೀಟು ತಗೊಂಡವರು ಜಗಳ ಮಾಡುವುದಿಲ್ಲವೆಂಬುದು ತಮಗೂ ಗೊತ್ತು, ನನಗೂ ಗೊತ್ತು.

ಇನ್ನು ನನ್ನ ಅನುಮಾನಗಳು. ಮಲಾಡ್‌ನಲ್ಲಿ ತಮ್ಮ ಇಂಗ್ಲಿಷ್ ಶಾಲೆಯ ಹಿಂದಿನ ಒಂದು ಕೋಣೆಯಲ್ಲಿ ನಮ್ಮ ನಾಲ್ಕೂ ಕ್ಲಾಸಿನ ಮಕ್ಕಳನ್ನು ಕೂರಿಸಿದ್ದೀರಂತೆ. ವಡಾಲದಿಂದ ಎಷ್ಟು ಮಕ್ಕಳು ಅಲ್ಲಿಗೆ ತಲುಪುತ್ತಾರೆ ಎಂದು ಮೊದಲೇ ಯೋಚಿಸಲಿಲ್ಲವೇ? ಹಾರ್ಬರ್ ಲೈನ್ ಹಿಡಿದು ಅಂಧೇರಿಗೆ ಹೋಗಿ, ಸೇತುವೆ ಹತ್ತಿಳಿದು, ಇನ್ನೊಂದು ಲೋಕಲ್‌ಗೆ ನುಗ್ಗಬೇಕು. ಲಸಿಕೆಯ ಎರಡು ಡೋಸ್ ಆಗದವರಿಗೆ ಟ್ರೇನಿನ ಪಾಸೇ ಇಲ್ಲದ ಕಾಲ ಇದು. ಲಕ್ಷ್ಮವ್ವನಿಗೆ ಆಗಿರುವುದು ಒಂದೇ ಡೋಸ್. ಎಂಟು ವರ್ಷದ ಹುಡುಗಿ ಒಬ್ಬಳೇ ಹೋಗಬೇಕೇ? ಅಥವಾ ಮಕ್ಕಳು ಬಾರದಿರಲಿ, ಮುಂದಿನ ವರ್ಷ ‘ವಿದ್ಯಾರ್ಥಿಗಳ ಕೊರತೆಯಿಂದ ಕನ್ನಡ ವಿಭಾಗವನ್ನು ವಿಷಾದದಿಂದ ಮುಚ್ಚಲಾಗಿದೆ’ ಎಂದು ಬರೆಯಲು ಅನುಕೂಲವಾಗಲಿ ಎಂದೇ ಲೆಕ್ಕವೋ? ಆ ವಿಷಾದವನ್ನು ಮಾತ್ರ ತಾವು ಖಂಡಿತ ಕನ್ನಡದಲ್ಲೇ ಬರೆಯುತ್ತೀರಿ.

ಮತ್ತೊಂದು. ಶಾಲೆ ಮುಚ್ಚಿದ್ದ ದಿನಗಳಲ್ಲಿ ಅಂಗಳಕ್ಕೆ ಟೇಪು ಹಿಡಿದ ಕೆಲವರು ಬಂದು ಗೋಡೆಯಿಂದ ಗೋಡೆಗೆ ಅಳತೆ ಮಾಡಿ ಹೋದದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಸ್ಟೇಷನ್ನಿಗೆ ಹತ್ತಿರದ ಜಾಗ. ಸುತ್ತ ಟವರ್‌ಗಳು ಏಳುತ್ತಿವೆ. ಅವರು ಯಾರು, ಏನನ್ನು ಅಳೆದರು? ಮಕ್ಕಳ ನಡುವಿನ ಅಂತರ ಅಳೆಯಲು ಬಂದಿದ್ದರು ಎಂದು ತಾವು ಹೇಳಿದರೂ ಹೇಳಬಹುದು. ನನ್ನ ಅನುಮಾನ ಸುಳ್ಳಾದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ಸುಳ್ಳೆಂದು ತಾವು ಬಾಯಿಬಿಟ್ಟು ಹೇಳಬೇಕು, ಅಷ್ಟೇ.

ಹಿಂದಿ ಶಾಲೆಯ ಮಾತು ಹೇಳಿದಿರಿ. ಲಕ್ಷ್ಮವ್ವ ಅಲ್ಲಿಗೂ ಹೋಗಿ ಬಂದಳು. ಮಗುವಿಗೆ ಹಿಂದಿ ಅಕ್ಷರ ಬರುವುದಿಲ್ಲ, ಮೊದಲನೇ ಕ್ಲಾಸಿನಿಂದ ಕೂರಿಸಬೇಕು, ಅದೂ ಜೂನ್ ತಿಂಗಳಲ್ಲಿ ಬನ್ನಿ ಎಂದರಂತೆ. ಅಲ್ಲಿಯವರೆಗೆ ಬಾಗಿಲು ಹಾಕಿದ ಖೋಲಿಯಲ್ಲಿ ಹೆಣ್ಣು ಮಗುವನ್ನು ಒಂಟಿಯಾಗಿ ಬಿಡಲು ಅವಳಿಗೆ ಧೈರ್ಯವಿಲ್ಲ. ಈ ಸೋಮವಾರದಿಂದ ಸೋನಾಲಿಯನ್ನು ತನ್ನ ಜೊತೆಗೇ ಕರೆದುಕೊಂಡು ಹೋಗುತ್ತಾಳಂತೆ. ಬಿಲ್ಡಿಂಗ್‌ನ ಒಬ್ಬ ಮೇಡಂ ಆಗಲೇ ಹೇಳಿದ್ದಾರಂತೆ, ಹುಡುಗಿ ಬಂದರೆ ಪಾತ್ರೆ ಒರೆಸಿ ಇಡಲಿ, ಚೂಡಿದಾರ ಕೊಡಿಸುತ್ತೇನೆ ಎಂದು. ಮಾನ್ಯರೇ, ಒಮ್ಮೆ ಆ ಅಡುಗೆಮನೆಗೆ ಹೊಕ್ಕ ಮಗು ಜೂನ್‌ನಲ್ಲಿ ಶಾಲೆಗೆ ಹೊರಡುತ್ತದೆ ಎಂದು ತಾವು ನಂಬುತ್ತೀರಾ? ನಾನು ನಂಬುವುದಿಲ್ಲ. ಇದೇ ಚಾಲಿನಲ್ಲಿ ಹಾಗೆ ಹೊಕ್ಕು ಅಲ್ಲೇ ಉಳಿದವರನ್ನು ನೋಡಿದ್ದೇನೆ. ನನಗೆ ಭಯವಾಗುತ್ತಿದೆ.

ಹಾಗಾಗಿ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಸೋಮವಾರ ಬೆಳಿಗ್ಗೆ ವಡಾಲದ ಶಾಲೆಯ ಬೀಗ ತೆಗೆಯಿರಿ, ಹರಿಣಿ ಟೀಚರನ್ನು ಇಲ್ಲಿಗೇ ಕಳಿಸಿ, ಪಾಠ ಶುರುವಾಗಲಿ. ಆಮೇಲೆ ಒಂದು ಭಾನುವಾರ, ಹಣಮಂತನಂಥವರಿಗೂ ಬಿಡುವಿರುವ ದಿನ, ಶಾಲೆಯ ಅಂಗಳಕ್ಕೆ ತಾವೇ ಬಂದು ಎಲ್ಲ ತಂದೆತಾಯಿಗಳ ಎದುರು ನಿಂತು ಕನ್ನಡದಲ್ಲಿ ಕೇಳಿ: ಈ ಶಾಲೆ ಇಲ್ಲಿಂದ ಹೋಗಬೇಕೇ, ಬೇಡವೇ? ಅವರು ಬಾಯಿ ತೆರೆದು ಕೊಡುವ ಉತ್ತರವನ್ನೇ ಒಪ್ಪಿಗೆ ಎನ್ನಿ.

ಶಾಲೆಯ ಬಗ್ಗೆ ತೀರ್ಮಾನಿಸಲು ಮೀಟಿಂಗ್ ಬೇಕು, ಕೋರಂ ಬೇಕು ಎನ್ನುವಿರಾದರೆ ಮೀಟಿಂಗ್ ಮಾಡಿ. ಆದರೆ ಇನ್ನೊಂದು ಕೆಲಸವಿದೆ, ಅದಕ್ಕೆ ಯಾರ ಮಂಜೂರಾತಿಯೂ ಬೇಡ. ಮುಗಿದ ಕೈಗಳನ್ನು ತಾವು ಒಪ್ಪಿಗೆಯೆಂದು ತೋರಿಸಿದ್ದನ್ನು ನಾನು ಲಕ್ಷ್ಮವ್ವನಿಗೆ ಹೇಳಿದ ದಿನದಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಗಂಡನ ಫೋನು ಮುಟ್ಟುವುದಿಲ್ಲ. ‘ನನ್ನ ಮಗಳ ಸಾಲಿ ನಾನಽ ಕಳದೆ ಏನ್ರಿ ಅಕ್ಕಾರ?’ ಎಂದು ದಿನವೂ ಕೇಳುತ್ತಾಳೆ. ಇಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ‘ನೀವು ಹೇಳಿದ್ರ ಹೆಂಗ್ರಿ, ಸಾಲಿ ನಡಸೋರು ಹೇಳಬೇಕಲ್ಲ,’ ಎನ್ನುತ್ತಾಳೆ. ಅವಳಿಗೆ ಈಗಲೂ ತಮ್ಮ ಮೇಲೆ ಅಷ್ಟು ಗೌರವ. ಒಮ್ಮೆ ಬನ್ನಿ. ಅವಳ ಖೋಲಿಯ ಬಾಗಿಲಲ್ಲಿ ನಿಂತು, ಮಗಳಿಗೂ ಕೇಳುವ ಹಾಗೆ, ‘ತಪ್ಪು ನಿನ್ನದಲ್ಲ, ನನ್ನದು’ ಎಂದು ಹೇಳಿ ಹೋಗಿ.

ಇಂತಿ,
ತಮ್ಮ ಕಡತದ ಪ್ರಕಾರ ಸ್ಥಳಾಂತರವನ್ನು ಸಂತೋಷದಿಂದ ಸ್ವಾಗತಿಸಿರುವ ಪೋಷಕರಲ್ಲೊಬ್ಬಳು,
ವಿನೋದಿನಿ
ವಡಾಲ, ಮುಂಬಯಿ