ಮೈಕಿಗೆ ಕೇಳಿಸದ ಕಾಯಿ

ಕಿಬ್ಬನಹಳ್ಳಿ
ಮಂಗಳವಾರ, ೧೯-೮-೨೦೨೫

ನನ್ನ ಮುದ್ದು ಮಗಳು ದಾನೇಶ್ವರಿಗೆ, ನಿಮ್ಮಪ್ಪ ಹಾಲಸ್ವಾಮಿಯ ತುಂಬು ಹೃದಯದ ಆಶೀರ್ವಾದ.

ಹೇಗಿದ್ದೀಯವ್ವ? ಬೀದರಿನ ನೀರು ಈಗಲಾದರೂ ಒಗ್ಗಿತೇ? ಪಾಠ ಹೇಳಿ ಹೇಳಿ ನಿನ್ನ ಗಂಟಲು ಕಟ್ಟಿದೆ ಎಂದು ನಿಮ್ಮಮ್ಮ ಹೇಳಿದಳು. ಉಪ್ಪುನೀರು ಮುಕ್ಕಳಿಸುತ್ತಿದ್ದೀಯೋ, ಇಲ್ಲ ಮಕ್ಕಳ ಮೇಲೆ ಇನ್ನೂ ಕೂಗಾಡುತ್ತಿದ್ದೀಯೋ? ಜೋಳದ ರೊಟ್ಟಿಯನ್ನು ಬರಿದೇ ತಿನ್ನಬೇಡ, ತುಪ್ಪ ಹಾಕಿಕೋ. ಇಲ್ಲಿ ನಾವು ಕ್ಷೇಮ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಅಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಕೂತು ನಿಧಾನವಾಗಿ ಹೇಳುವ ಸಮಾಚಾರ ಇದೆ.

ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮಪ್ಪ ಕಂಪ್ಯೂಟರಿನಲ್ಲಿ ಪಾಠ ಮಾಡಬೇಕು. ನಗಬೇಡ ಕಣೇ! ತೆಂಗು ಬೆಳೆಗಾರರ ಸಂಘದವರು ಗೊತ್ತುಮಾಡಿದ್ದಾರೆ. ಬೇರೆ ಜಿಲ್ಲೆಗಳಲ್ಲಿ ಹೊಸದಾಗಿ ತೆಂಗು ಹಾಕಿದ ಅರವತ್ತು ಜನ ಅವರವರ ಮನೆಯಲ್ಲೇ ಕೂತು ಕೇಳುತ್ತಾರಂತೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ಕಾಯಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವುದು ಹೇಗೆ ಎಂದು ನಾನು ಹೇಳಿಕೊಡಬೇಕು. ಮೂವತ್ತೈದು ವರ್ಷದಿಂದ ಊರೂರಿನ ಅಟ್ಟ ಹತ್ತಿ ಇಳಿದದ್ದೇ ನನ್ನ ಕಸುಬು, ನಿನಗೆ ಗೊತ್ತಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರು ಕುಲುಕಿದರೆ ಹಸಿ. ಸದ್ದೇ ಇಲ್ಲದಿದ್ದರೆ ಕೊಬ್ಬರಿ ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿದೆ. ಒಣಗಿದ ಕೊಬ್ಬರಿಯ ಉಂಡೆ ಚಿಪ್ಪು ಬಿಟ್ಟುಕೊಂಡು ಲೊಡಲೊಡ ಎಂದರೆ ಮಾತ್ರ ಸುಲಿಯಬೇಕು. ‘ಹಾಲಸ್ವಾಮಣ್ಣ ಹೇಳುದ್ ಮ್ಯಾಲೆ ಮುಗೀತು ಬುಡು’ ಎಂದು ಹಂದನಕೆರೆಯವರೆಗೂ ಮಾತಿದೆ. ಆ ಸದ್ದು ಅರವತ್ತು ಜನಕ್ಕೂ ಕೇಳಿಸಬೇಕು, ಮೊದಲೇ ಮೈಕ್ ಟೆಸ್ಟ್ ಮಾಡಿಟ್ಟುಕೊಳ್ಳಿ ಎಂದು ಸಂಘದ ಹುಡುಗಿ ಪವಿತ್ರಾ ಮನೆಗೇ ಬಂದು ತೋರಿಸಿಕೊಟ್ಟು ಹೋದಳು.

ನೀನು ಬಿಟ್ಟುಹೋದ ಲ್ಯಾಪ್‌ಟಾಪನ್ನು ನಡುಮನೆಯಲ್ಲಿಟ್ಟುಕೊಂಡು ಕೂತೆ. ಮಾತಾಡಿದರೆ ಹಸಿರು ಗೆರೆ ಕುಣಿಯಬೇಕು, ಆಮೇಲೆ ರೆಕಾರ್ಡ್ ಆದದ್ದನ್ನು ಹಾಕಿ ಕೇಳಬೇಕು. ‘ಹಲೋ, ಒಂದು, ಎರಡು, ಮೂರು’ ಎಂದೆ. ಗೆರೆ ಚೆನ್ನಾಗಿಯೇ ಕುಣಿಯಿತು. ಹಾಕಿ ಕೇಳಿದರೆ ನನ್ನ ದನಿ ಬಾವಿಯೊಳಗಿಂದ ಬಂದಂತಿತ್ತು. ಅಟ್ಟದ ಹಳೆಯ ಕಾಯಿ ತಂದು ಮೈಕಿನ ಮುಂದೆ ಅಲ್ಲಾಡಿಸಿದೆ. ಒಳಗಿನ ಉಂಡೆ ಬಡಿಯುವುದು ಅಂಗೈಗೆ ತಿಳಿಯುತ್ತಿತ್ತು, ರೆಕಾರ್ಡಿನಲ್ಲಿ ಮಾತ್ರ ಏನೂ ಇಲ್ಲ. ಇನ್ನೊಂದು ಕಾಯಿ, ಮತ್ತೊಂದು ಕಾಯಿ, ಸೌಂಡು ತುದಿಯವರೆಗೆ ಏರಿಸಿದರೂ ಅಷ್ಟೇ. ಹಾಳಾದ ಮೈಕು ಸೋಮವಾರ ನನ್ನ ಮಾನ ಕಳೆಯುತ್ತದೆ ಎಂದು ಊಟವೂ ಸೇರಲಿಲ್ಲ.

ಶನಿವಾರ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ತಿಪಟೂರಿಗೆ ಹೋದೆ. ಕಂಪ್ಯೂಟರ್ ರಿಪೇರಿ ಮಾಡುವ ಗಂಗಾಧರ ಎರಡೇ ನಿಮಿಷ ನೋಡಿ ‘ಮೈಕ್ ಚೆನ್ನಾಗೈತೆ ಕಣಣ್ಣ, ಸುಮ್ನೆ ಯಾಕ್ ತಲೆ ಕೆಡುಸ್ಕೊಂಡಿದ್ದೀಯ’ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸುಗಳ ಗಲಾಟೆಯಲ್ಲಿ ಅವನಿಗೇನು ಕೇಳೀತು? ಹಟ ಮಾಡಿ ಬೇರೆ ಮೈಕನ್ನೇ ತಂದೆ, ವಯರು ಚುಚ್ಚುವಂಥದ್ದು. ಅದೂ ಹಾಗೇ. ಗಂಗಾಧರನ ವಂಶವನ್ನೆಲ್ಲ ಬೈದೆ, ದೇವರು ಕ್ಷಮಿಸಲಿ.

ನಿನ್ನೆ ಬೆಳಿಗ್ಗೆ ಮತ್ತೆ ಕೂತೆ. ಕಾಯಿ ಅಲ್ಲಾಡಿಸಿ ರೆಕಾರ್ಡ್ ಮಾಡಿದೆ, ಕಾಯಿಯನ್ನು ಮೂಲೆಗಿಟ್ಟೆ, ರೆಕಾರ್ಡು ಹಾಕಿ ಲ್ಯಾಪ್‌ಟಾಪಿಗೆ ಕಿವಿ ಅಂಟಿಸಿದೆ. ಏನೂ ಇಲ್ಲ. ಅಷ್ಟರಲ್ಲಿ ನಿಮ್ಮಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ಕೂಗಿದಳು: ‘ರೀ, ಸಾಕು ಅಲ್ಲಾಡ್ಸಿದ್ದು! ಆ ಕಾಯಿ ಚೆನ್ನಾಗ್ ಒಣಗೈತೆ, ಸುಲೀರಿ ಅತ್ಲಾಗೆ!’

ದಾನೇಶ್ವರಿ, ನನ್ನ ಕೈಯಲ್ಲಿ ಕಾಯಿಯೇ ಇರಲಿಲ್ಲ ಕಣವ್ವ.

ಒಲೆಯ ಮುಂದಿದ್ದವಳಿಗೆ ಕೇಳಿಸಿದ ರೆಕಾರ್ಡಿನ ಲೊಡಲೊಡ ಕಿವಿ ಇಟ್ಟುಕೊಂಡು ಕೂತವನಿಗೆ ಕೇಳಿಸಲಿಲ್ಲ. ಮೈಕು ಕೆಟ್ಟಿರಲಿಲ್ಲ, ಎರಡು ಮೈಕೂ ಕೆಟ್ಟಿರಲಿಲ್ಲ. ‘ಹೂಂ, ಸುಲೀತೀನಿ’ ಎಂದು ಅವಳನ್ನು ಒಳಕ್ಕೆ ಕಳಿಸಿದೆ. ಆಮೇಲೆ ಹಂದನಕೆರೆಯ ರಂಗಮ್ಮ ನೆನಪಾದಳು. ಅವಳ ಅಟ್ಟ ನೋಡಿ ಹದಿನೈದು ದಿನದ ಹಿಂದೆ ‘ಇನ್ನೂ ಕಚ್ಕೊಂಡೈತೆ ಕಣಕ್ಕ, ದೀಪಾವಳಿ ಕಳೀಲಿ’ ಎಂದು ಹೇಳಿ ಬಂದಿದ್ದೆ. ‘ನಂಗೇನೋ ಉಂಡೆ ಬುಟ್ಕಂಡಂಗ್ ಕೇಳ್ತೈತಪ್ಪ’ ಎಂದಿದ್ದಳು ಪಾಪ. ‘ಹಂಗಾದ್ರೆ ನನ್ನ ಯಾಕ್ ಕರುಸ್ದೆ?’ ಎಂದು ಗದರಿದ್ದೆ. ಇವತ್ತು ಮೊದಲ ಬಸ್ಸಿಗೇ ಹೋಗಿ ಅವಳ ಅಟ್ಟದಿಂದ ಮೂರು ಕಾಯಿ ಇಳಿಸಿ ಒಡೆದೆ. ಮೂರೂ ಒಳ್ಳೆ ಉಂಡೆ ಕೊಬ್ಬರಿ. ‘ನಿನ್ ಕಿವಿನೇ ಸರಿ ಕಣಕ್ಕ, ತಪ್ಪು ನಂದು’ ಎಂದು ಕೈಮುಗಿದೆ. ಅವಳು ನಕ್ಕು ಕಾಫಿ ಕೊಟ್ಟಳು. ಈ ವರ್ಷ ಇನ್ನೆಷ್ಟು ಮನೆಯವರಿಗೆ ಹೀಗೆ ಹೇಳಿದ್ದೇನೋ, ಒಬ್ಬೊಬ್ಬರದೇ ಮುಖ ಕಣ್ಣ ಮುಂದೆ ಬರುತ್ತಿದೆ.

ಕಿವಿ ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಕಿವಿಗೆ ಮಿಷನ್ನು ಸಿಕ್ಕಿಸಿಕೊಂಡವನನ್ನು ಇನ್ನು ಯಾರು ಅಟ್ಟ ಹತ್ತಿಸುತ್ತಾರೆ? ಸೋಮವಾರ ಅರವತ್ತು ಜನ ಒಂದೊಂದು ಪ್ರಶ್ನೆ ಕೇಳಿದರೆ ನಾನು ಎತ್ತ ನೋಡಲಿ? ನಿಜ ಹೇಳಿಬಿಡಲೋ, ಜ್ವರ ಎಂದು ತಪ್ಪಿಸಿಕೊಳ್ಳಲೋ ತಿಳಿಯುತ್ತಿಲ್ಲ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅಳುತ್ತಾಳೆ, ಆಮೇಲೆ ಊರಿಗೆಲ್ಲ ಕೇಳುವ ಹಾಗೆ ನನ್ನ ಹತ್ತಿರ ಕೂಗಿ ಮಾತಾಡುತ್ತಾಳೆ. ನೀನು ಓದಿದವಳು, ಒಂದು ದಾರಿ ಹೇಳು.

ಗೌರಿ ಹಬ್ಬಕ್ಕೆ ರಜೆ ಸಿಕ್ಕರೆ ಬಾ. ಅಲ್ಲಿ ಜೊತೆಯಲ್ಲಿರುವ ಟೀಚರಮ್ಮನವರಿಗೆ ನಮ್ಮ ನಮಸ್ಕಾರ ತಿಳಿಸು. ಆ ಶಿವ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತಿ ನಿನ್ನ ಅಪ್ಪ,
ಹಾಲಸ್ವಾಮಿ

ಮರೆತಿದ್ದೆ. ಮರೆತದ್ದಲ್ಲ, ಬರೆಯಲು ನಾಚಿಕೆಯಾಯಿತು. ಮೊನ್ನೆ ಭಾನುವಾರ ನೀನು ಫೋನಿನಲ್ಲಿ ಮೆತ್ತಗೆ ಏನೋ ಕೇಳಿದೆ. ‘ಅಪ್ಪಾ’ ಎಂದದ್ದು ಕೇಳಿಸಿತು, ಮುಂದಿನದು ಇಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ. ಎರಡನೇ ಸಲ ಹೇಳಿಸಿದೆ, ಮೂರನೇ ಸಲವೂ ಹೇಳಿಸಿದೆ. ಇನ್ನೊಂದು ಸಲ ಹೇಳು ಎನ್ನಲು ಮನಸ್ಸಾಗದೆ ‘ಹೂಂ ಕಣವ್ವ, ಹಂಗೇ ಆಗ್ಲಿ’ ಎಂದುಬಿಟ್ಟೆ. ಆಮೇಲೆ ನೀನು ಅತ್ತೆಯೋ ನಕ್ಕೆಯೋ ಅದೂ ಗೊತ್ತಾಗಲಿಲ್ಲ. ಮಗಳು ಏನಂದಳು ಎಂದು ನಿಮ್ಮಮ್ಮ ಕೇಳಿದ್ದಕ್ಕೆ, ಆರೋಗ್ಯ ವಿಚಾರಿಸಿದಳು ಎಂದು ಸುಳ್ಳು ಹೇಳಿದ್ದೇನೆ. ಒಪ್ಪಿಕೊಂಡದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಹೆದರಬೇಡ. ಏನನ್ನು ಒಪ್ಪಿಕೊಂಡೆ ಎಂದು ಮಾತ್ರ ಬರೆದು ತಿಳಿಸವ್ವ.