ತಲೆಯ ಮೇಲೆ ನಿಲ್ಲದ ಸೆರಗು

ಹಡಗಲಿ
12-2-1998

ಸೊಸೆ ಪುಷ್ಪಲತಾಳಿಗೆ ಅತ್ತೆಯ ಆಶೀರ್ವಾದ.

ಸುಖವಾಗಿ ತಲುಪಿದೆ, ಮೊಣಕಾಲು ಮಾತ್ರ ಬಾತಿದೆ. ತಾಲ್ಲೂಕು ಕಚೇರಿಯ ನೌಕರಿ ಬಿಟ್ಟು ನಾಟಕ ಕಂಪನಿ ಸೇರಿದ ನಿನ್ನ ಗಂಡನನ್ನು ಕಿವಿ ಹಿಂಡಿ ಕರೆತರುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆ. ಮೊದಲು ಆಟ ನೋಡಿದೆ. ಅವನದು ಜೋರಿನ ಅತ್ತೆಯ ಪಾತ್ರ. ಸೊಂಟದ ಮೇಲೆ ಕೈ, ಎತ್ತಿದ ಬೆರಳು, ಕೆಮ್ಮಿ ಮಾತು ಶುರು ಮಾಡುವುದು, ಎಲ್ಲವೂ ನಾನೇ. ಪಕ್ಕದ ಹೆಂಗಸು ನಗುತ್ತ ನನ್ನ ತೋಳು ಹಿಡಿದು, "ಇಂಥಾ ಅತ್ತಿ ಯಾರ ಮನ್ಯಾಗ ಅದಾಳೋ ಯವ್ವಾ!" ಎಂದಳು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಚಿಕ್ಕವನಿದ್ದಾಗ ನಾಟಕದವನೇ ಆಗುತ್ತೇನೆಂದು ನನ್ನ ಸೆರಗು ಹೊದ್ದು ಓಣಿಯನ್ನೆಲ್ಲ ನಗಿಸುತ್ತಿದ್ದವನ ಮುಖ ಅದು. ಕಚೇರಿಗೆ ಹೋದ ಇಷ್ಟು ವರ್ಷ ಆ ಮುಖ ನಾನು ಕಂಡಿರಲಿಲ್ಲ. ನೀನಂತೂ ಕಂಡೇ ಇಲ್ಲ.

ಆಟ ಮುಗಿದ ಮೇಲೆ ತಲೆ ತಗ್ಗಿಸಿ ಬಂದು ನಿಂತ. "ಯವ್ವಾ, ಕರಕೊಂಡು ಹೋಗಾಕ ಬಂದಿಯೇನು?"

"ಮೊದ್ಲು ತಲಿ ಮ್ಯಾಲ ಸೆರಗು ನಿಲ್ಸೋದು ಕಲಿ ಲೇ" ಎಂದೆ.

ಕಂಪನಿಯದು ಜಾರುವ ನೈಲಾನ್ ಸೀರೆ. ಟ್ರಂಕಿನಲ್ಲಿರುವ ನನ್ನ ಹಸಿರು ಇಳಕಲ್ ಸೀರೆ ತೆಗೆದುಕೊಂಡು ನೀನೇ ಬಾ. ಆ ಮುಖ ನೀನೂ ಒಮ್ಮೆ ನೋಡು. ಕಾರ್ಡು ತುಂಬಿತು.

ನಿನ್ನ ಅತ್ತೆ
ಜಂಬಮ್ಮ